ಅರಮನೆಯ ವೇಷ ಹಾಕುವ ಮನೆ: ಲಂಡನ್‌ನ ಲ್ಯಾಂಕಾಸ್ಟರ್ ಹೌಸ್

ಇಂಗ್ಲಿಷ್ ಸಿನಿಮಾ, ವೆಬ್ ಸರಣಿ ನೋಡುವವರಿಗೆ ಬಕಿಂಗ್‌ಹ್ಯಾಂ ಅರಮನೆಯ ಒಳಭಾಗ ಈಗ ಹೊಸತಲ್ಲ. ಕೆಂಪು ಹಾಸು ಹಾಸಿದ ದೊಡ್ಡ ಮೆಟ್ಟಿಲು, ಚಿನ್ನದ ಬಣ್ಣದ ಗೋಡೆ, ತಲೆಯ ಮೇಲೆ ತೂಗುವ ದೀಪದ ಗೊಂಚಲು, ಅದರ ಕೆಳಗೆ ಬೇಗ ಬೇಗ ನಡೆದು ಹೋಗುವ ರಾಣಿ. 'ದಿ ಕ್ರೌನ್' ನೋಡಿದವರು, 'ದಿ ಕಿಂಗ್ಸ್ ಸ್ಪೀಚ್' ನೋಡಿದವರು ಇದನ್ನೆಲ್ಲ ಕಂಡಿದ್ದಾರೆ. ಆದರೆ ಅವರು ಕಂಡದ್ದು ಬಕಿಂಗ್‌ಹ್ಯಾಂ ಅರಮನೆಯನ್ನಲ್ಲ. ನಿಜವಾದ ಅರಮನೆಯೊಳಗೆ ಕಥಾಚಿತ್ರಗಳ ಶೂಟಿಂಗ್‌ಗೆ ಬಿಡುವುದಿಲ್ಲ. ಹಾಗಾದರೆ ಕಂಡದ್ದು ಎಂತ? ಅರಮನೆಯಿಂದ ನಡೆದೇ ಹೋಗಬಹುದಾದಷ್ಟು ಹತ್ತಿರ, ಸೇಂಟ್ ಜೇಮ್ಸ್ ಪ್ರದೇಶದಲ್ಲಿರುವ ಲ್ಯಾಂಕಾಸ್ಟರ್ ಹೌಸ್ ಎಂಬ ಮನೆಯನ್ನು.

ಹೆಸರಿಗೆ 'ಹೌಸ್'. ಹೊರಗಿನಿಂದ ನೋಡಿದರೆ ಜೇನು ಬಣ್ಣದ ಬಾತ್ ಕಲ್ಲಿನ ಚೌಕಾಕಾರದ ದೊಡ್ಡ ಕಟ್ಟಡ, ಮುಂದೆ ಸಾಲು ಕಂಬ. ಒಳಗೆ ಹೋದರೆ ಕಥೆಯೇ ಬೇರೆ. ಇದು ಕಟ್ಟಿದ ಕಾಲಕ್ಕೆ ರಾಜನ ಮನೆಯೂ ಅಲ್ಲ, ಸರಕಾರದ ಕಚೇರಿಯೂ ಅಲ್ಲ. ಒಂದು ಕುಟುಂಬ ಪೇಟೆಯಲ್ಲಿ ಉಳಿದುಕೊಳ್ಳಲಿಕ್ಕೆ ಇಟ್ಟುಕೊಂಡಿದ್ದ ಮನೆ.

'ಪೇಟೆಯ ಮನೆ' ಅಂದರೆ ಎಂತ ಎಂದು ಸ್ವಲ್ಪ ವಿವರಿಸಬೇಕು. ಬ್ರಿಟನ್ನಿನ ದೊಡ್ಡ ಜಮೀನ್ದಾರ ಮನೆತನಗಳಿಗೆ ಕನಿಷ್ಠ ಎರಡು ಮನೆ ಇರುತ್ತಿತ್ತು. ಒಂದು ಊರಲ್ಲಿ, ತಮ್ಮ ಜಮೀನಿನ ನಡುವೆ. ಇನ್ನೊಂದು ಲಂಡನ್‌ನಲ್ಲಿ. ವರ್ಷದ ಕೆಲವು ತಿಂಗಳು ಸಂಸತ್ತಿನ ಅಧಿವೇಶನ, ಅದೇ ಹೊತ್ತಿಗೆ ಔತಣ, ನೃತ್ಯ, ಮಕ್ಕಳ ಸಂಬಂಧ ಕುದುರಿಸುವುದು ಎಲ್ಲ ಲಂಡನ್‌ನಲ್ಲಿ. ಅದಕ್ಕೆ 'ಸೀಸನ್' ಅಂತ ಹೆಸರು. ಆ ಸೀಸನ್‌ಗಾಗಿ ಕಟ್ಟಿದ್ದು ಈ ಮನೆಗಳು. ವಾಸ ಮಾಡಲಿಕ್ಕೆ ಎನ್ನುವುದಕ್ಕಿಂತ ಜನರನ್ನು ಕರೆಯಲಿಕ್ಕೆ ಕಟ್ಟಿದ ಮನೆ ಎನ್ನುವುದೇ ಸರಿ. ಹಾಗಾಗಿಯೇ ಮಲಗುವ ಕೋಣೆಗಿಂತ ಮೆಟ್ಟಿಲಿಗೆ ಮಹತ್ವ ಜಾಸ್ತಿ. ಬಂದವರು ಮೆಟ್ಟಿಲು ಹತ್ತುವಾಗ ಎಲ್ಲರಿಗೂ ಕಾಣಬೇಕು, ಹತ್ತಿ ಮುಗಿಸುವಾಗ ಮನೆಯವರು ಮೇಲೆ ನಿಂತಿರಬೇಕು. ಇನ್ನೂರು ವರ್ಷದ ಹಿಂದೆ ಅತಿಥಿಗಳ ಕಣ್ಣಿಗಾಗಿ ಮಾಡಿದ ಈ ಏರ್ಪಾಡು ಈಗ ಕ್ಯಾಮೆರಾಗೆ ಸರಿಯಾಗಿ ಒದಗುತ್ತದೆ.

ಮನೆ ಶುರುವಾದದ್ದು 1825ರಲ್ಲಿ. ಕಟ್ಟಿಸಲು ಹೊರಟವನು ಡ್ಯೂಕ್ ಆಫ್ ಯಾರ್ಕ್ ಫ್ರೆಡರಿಕ್, ಮೂರನೇ ಜಾರ್ಜ್ ದೊರೆಯ ಎರಡನೇ ಮಗ. ಆಗ ಸಿಂಹಾಸನದಲ್ಲಿದ್ದದ್ದು ಅವನ ಅಣ್ಣ ನಾಲ್ಕನೇ ಜಾರ್ಜ್. ಅದೇ 1825ರಲ್ಲಿ ಅಣ್ಣನೂ ವಾಸ್ತುಶಿಲ್ಪಿ ಜಾನ್ ನ್ಯಾಶ್ ಕೈಯಲ್ಲಿ ಹಳೆಯ ಬಕಿಂಗ್‌ಹ್ಯಾಂ ಹೌಸನ್ನು ಅರಮನೆಯಾಗಿ ಬದಲಾಯಿಸಲು ಕೆಲಸ ಶುರು ಮಾಡಿಸಿದ್ದ. ಇಬ್ಬರು ಅಣ್ಣತಮ್ಮಂದಿರು, ಒಂದೇ ವರ್ಷ, ಹೆಚ್ಚುಕಡಿಮೆ ಒಂದೇ ಬೀದಿ, ಹಣವಂತರಿಗೆ ಒಂದೇ ರುಚಿ ಇದ್ದ ಕಾಲ. ಇವತ್ತು ಒಂದನ್ನು ಇನ್ನೊಂದರ ಬದಲಿಗೆ ತೋರಿಸಿದರೆ ನೋಡುವವರಿಗೆ ಸಂಶಯ ಬರುವುದಿಲ್ಲ ಎಂದಾದರೆ ಅದಕ್ಕೆ ಕಾರಣ ಇದೇ.

ತಮ್ಮನಿಗೆ ಆಸೆ ಇತ್ತು, ದುಡ್ಡು ಇರಲಿಲ್ಲ. ತಲೆಯವರೆಗೆ ಸಾಲ. ಮೊದಲು ರಾಬರ್ಟ್ ಸ್ಮರ್ಕ್ ಎಂಬ ವಾಸ್ತುಶಿಲ್ಪಿ, ಮತ್ತೆ ಅವನನ್ನು ಬಿಟ್ಟು ಬೆಂಜಮಿನ್ ಡೀನ್ ವ್ಯಾಟ್. ಗೋಡೆ ಏಳುವಷ್ಟರಲ್ಲಿ, 1827ರ ಜನವರಿಯಲ್ಲಿ, ಡ್ಯೂಕ್ ತೀರಿಕೊಂಡ. ಅರೆಬರೆ ಕಟ್ಟಡ, ಮೇಲೆ ಸಾಲಗಾರರು. ಆಗ ಮನೆಯನ್ನು ವಹಿಸಿಕೊಂಡದ್ದು ಮಾರ್ಕ್ವೆಸ್ ಆಫ್ ಸ್ಟಾಫರ್ಡ್. ಡ್ಯೂಕ್‌ಗೆ ಸಾಲ ಕೊಟ್ಟವರಲ್ಲಿ ಇವನೂ ಒಬ್ಬ. ಮನೆಯ ಹೆಸರು ಸ್ಟಾಫರ್ಡ್ ಹೌಸ್ ಆಯಿತು. 1833ರಲ್ಲಿ ಈ ಮಾರ್ಕ್ವೆಸ್‌ಗೆ ಡ್ಯೂಕ್ ಆಫ್ ಸದರ್‌ಲ್ಯಾಂಡ್ ಎಂಬ ಪದವಿ ಬಂತು, ಅದೇ ವರ್ಷ ಸತ್ತೂ ಹೋದ. ಉಳಿದ ಕೆಲಸ ಮಗನ ಕಾಲದಲ್ಲಿ. ಲಂಡನ್ ಸಂಸತ್ ಭವನದ ವಿನ್ಯಾಸ ಮಾಡಿದ ಚಾರ್ಲ್ಸ್ ಬ್ಯಾರಿಯೂ ಒಳಾಂಗಣಕ್ಕೆ ಕೈ ಹಾಕಿದ. 1840ರ ಹೊತ್ತಿಗೆ ಫ್ರಾನ್ಸಿನ ಹದಿನಾಲ್ಕನೇ ಲೂಯಿ ದೊರೆಯ ಶೈಲಿಯಲ್ಲಿ ಬಂಗಾರದ ಲೇಪ, ಕನ್ನಡಿ, ಚಿತ್ರಗಳಿಂದ ತುಂಬಿ ಮನೆ ಮುಗಿಯಿತು. ವಿಕ್ಟೋರಿಯಾ ರಾಣಿ ಇಲ್ಲಿಗೆ ಬಂದಾಗ, ತನ್ನ ಮನೆಯಿಂದ ನಿಮ್ಮ ಅರಮನೆಗೆ ಬಂದಿದ್ದೇನೆ ಎಂದು ಡಚೆಸ್ ಬಳಿ ಹೇಳಿದಳೆಂಬ ಮಾತು ಲಂಡನ್‌ನಲ್ಲಿ ಈಗಲೂ ಚಾಲ್ತಿಯಲ್ಲಿದೆ. 1848ರಲ್ಲಿ ಅದೇ ರಾಣಿಯ ಎದುರು ಶೋಪ್ಯಾಂ ಇಲ್ಲಿ ಪಿಯಾನೋ ನುಡಿಸಿದ್ದ. 1864ರಲ್ಲಿ ಇಟಲಿಯ ಗ್ಯಾರಿಬಾಲ್ಡಿ ಇಲ್ಲಿಯೇ ಉಳಿದುಕೊಂಡಿದ್ದ.

ಒಬ್ಬ ರಾಜಕುಮಾರನಿಗೆ ಮುಗಿಸಲಾಗದ ಮನೆಯನ್ನು ಮುಗಿಸಲು ಇವರಿಗೆ ದುಡ್ಡು ಎಲ್ಲಿಂದ ಬಂತು? ಯಾವ ವ್ಯಾಪಾರದಲ್ಲಾದರೂ ಮೊದಲು ಕೇಳಬೇಕಾದ ಪ್ರಶ್ನೆ ಅದೇ ಅಲ್ವಾ? ಒಂದು ಭಾಗ ಕಾಲುವೆಯಿಂದ. ಮ್ಯಾಂಚೆಸ್ಟರ್‌ಗೆ ಕಲ್ಲಿದ್ದಲು ಸಾಗಿಸುತ್ತಿದ್ದ ಬ್ರಿಡ್ಜ್‌ವಾಟರ್ ಕಾಲುವೆಯ ಆದಾಯ 1803ರಿಂದ ಜೀವಮಾನವಿಡೀ ಮಾರ್ಕ್ವೆಸ್‌ಗೆ ಬರುತ್ತಿತ್ತು. ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲು ಕಂಪೆನಿಯಲ್ಲೂ ಪಾಲಿತ್ತು. ಇಂಗ್ಲೆಂಡಿನಲ್ಲಿ ಜಮೀನು ಬೇರೆ. ಅದರ ಜೊತೆ ಹೆಂಡತಿ ಎಲಿಜಬೆತ್, ಸದರ್‌ಲ್ಯಾಂಡ್‌ನ ಕೌಂಟೆಸ್, ಸ್ಕಾಟ್ಲೆಂಡಿನ ಉತ್ತರ ತುದಿಯಲ್ಲಿ ಹತ್ತು ಲಕ್ಷ ಎಕರೆಯ ಆಸುಪಾಸಿನ ಭೂಮಿಯ ಒಡತಿ.

ಈ ಕೊನೆಯದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಆ ಭೂಮಿಯಲ್ಲಿ ತಲೆತಲಾಂತರದಿಂದ ಗೇಲಿಕ್ ಭಾಷೆ ಮಾತಾಡುವ ಒಕ್ಕಲು ಜನ ಇದ್ದರು. ಸ್ವಲ್ಪ ಬೇಸಾಯ, ಸ್ವಲ್ಪ ಹಸು, ಗೇಣಿ ಕೊಟ್ಟು ಬದುಕು. ಹೆಚ್ಚಿನವರಿಗೆ ಭೂಮಿಯ ಮೇಲೆ ಗಟ್ಟಿ ಹಕ್ಕು ಎಂಬುದು ಇರಲಿಲ್ಲ. ನಮ್ಮ ಕಡೆಯ ಹಿರಿಯರಿಗೆ ಒಂದೇ ಶಬ್ದದಲ್ಲಿ ಅರ್ಥವಾಗುತ್ತದೆ: ಚಾಲಗೇಣಿ. ಧನಿ ಏಳು ಅಂದರೆ ಏಳಬೇಕು. 1811ರ ನಂತರದ ಹತ್ತು ವರ್ಷಗಳಲ್ಲಿ ಧನಿಗಳು ಹಾಗೆಯೇ ಅಂದರು. ಒಕ್ಕಲುಗಳಿಗಿಂತ ಕುರಿ ಸಾಕಣೆಗೆ ಭೂಮಿ ಕೊಟ್ಟರೆ ಗೇಣಿ ಹೆಚ್ಚು ಸಿಗುತ್ತದೆ ಎಂಬ ಲೆಕ್ಕ. ಒಳನಾಡಿನ ಕಣಿವೆಗಳಿಂದ ಸಾವಿರಾರು ಜನರನ್ನು ಎಬ್ಬಿಸಿ ಕರಾವಳಿಯ ಸಣ್ಣ ಸಣ್ಣ ತುಂಡು ಭೂಮಿಗೆ ಸಾಗಿಸಲಾಯಿತು, ಮೀನು ಹಿಡಿದು ಬದುಕಿ ಅಂತ. ಸಮುದ್ರವನ್ನೇ ಸರಿಯಾಗಿ ಕಾಣದವರಿಗೆ ಮೀನುಗಾರಿಕೆ! ಕಿಲ್ಡೋನನ್ ಎಂಬ ಕಡೆಯಿಂದ ಒಂದಷ್ಟು ಜನ 1813ರಲ್ಲಿ ಹಡಗು ಹತ್ತಿ ಕೆನಡಾದ ರೆಡ್ ರಿವರ್‌ಗೆ ಹೊರಟುಹೋದರು.

1814ರಲ್ಲಿ ಸ್ಟ್ರಾತ್‌ನೇವರ್ ಕಣಿವೆಯಲ್ಲಿ ನಡೆದದ್ದಂತೂ ಕೋರ್ಟಿನವರೆಗೆ ಹೋಯಿತು. ಎಸ್ಟೇಟಿನ ಕಾರುಬಾರಿ ಪ್ಯಾಟ್ರಿಕ್ ಸೆಲ್ಲರ್ ಜನರನ್ನು ಎಬ್ಬಿಸಿದ್ದಲ್ಲದೆ, ತಿರುಗಿ ಬರಬಾರದೆಂದು ಮನೆಯ ಮರಮಟ್ಟುಗಳಿಗೆ ಬೆಂಕಿ ಇಡಿಸಿದ ಎಂಬುದು ಆರೋಪ. ನರಹತ್ಯೆಯ ಆಪಾದನೆಯ ಮೇಲೆ 1816ರಲ್ಲಿ ಇನ್‌ವರ್ನೆಸ್‌ನಲ್ಲಿ ವಿಚಾರಣೆ ನಡೆದು ಖುಲಾಸೆಯಾದ. ಇಲ್ಲಿ ಗಮನಿಸಬೇಕಾದ ಒಂದು ವಿಚಾರ ಉಂಟು. ಯಾವ ಜಾಗ ತೆರವು ಮಾಡಿಸಲು ಹೊರಟಿದ್ದನೋ ಅದರ ಗೇಣಿಯನ್ನು ಸೆಲ್ಲರ್ ಮೊದಲೇ ತನ್ನ ಹೆಸರಿಗೆ ಪಡೆದುಕೊಂಡಿದ್ದ. ಏಲಂ ಕರೆಯುವ ಕಡೆಯವನೂ ಅವನೇ, ಹಿಡಿಯುವವನೂ ಅವನೇ. ಇದಕ್ಕೆ ಬಿ.ಕಾಂ. ಓದಬೇಕೆಂದಿಲ್ಲ, ಸಂತೆಯಲ್ಲಿ ಒಣಮೀನು ಮಾರುವವರಿಗೂ ಇದು ಯಾವ ತರದ ವ್ಯವಹಾರ ಎಂದು ಗೊತ್ತಾಗುತ್ತದೆ.

ನ್ಯಾಯವಾಗಿ ಹೇಳಬೇಕೆಂದರೆ, ಸ್ಟಾಫರ್ಡ್ ಹೌಸ್‌ನ ಪ್ರತಿಯೊಂದು ಕಲ್ಲಿಗೂ ಸ್ಟ್ರಾತ್‌ನೇವರ್‌ನ ದುಡ್ಡೇ ಹೋಗಿದೆ ಎಂದು ಯಾರೂ ಹೇಳಲಾರರು. ಕುಟುಂಬದ ಆದಾಯದ ದೊಡ್ಡ ಪಾಲು ಇಂಗ್ಲೆಂಡಿನದ್ದು. ಸ್ಕಾಟ್ಲೆಂಡಿನಲ್ಲಿ ರಸ್ತೆ, ಸೇತುವೆ, ಬಂದರು ಅಂತ ಅವರು ಸಾಕಷ್ಟು ಖರ್ಚನ್ನೂ ಮಾಡಿದ್ದಾರೆ. ಜನರ ಒಳ್ಳೆಯದಕ್ಕೇ ಮಾಡಿದ್ದು ಎಂದು ಅವರ ಕಡೆಯವರು ಕೊನೆಯವರೆಗೂ ವಾದಿಸಿದರು. ಆದರೆ ಜನರನ್ನು ಕೇಳಿ ಮಾಡಿದ್ದಲ್ಲ. ಒಂದೇ ಯಜಮಾನನ ಎರಡು ಲೆಕ್ಕದ ಪುಸ್ತಕಗಳಲ್ಲಿ ಒಂದರಲ್ಲಿ ದೀಪದ ಗೊಂಚಲು, ಇನ್ನೊಂದರಲ್ಲಿ ಖಾಲಿಯಾದ ಕಣಿವೆ. ಪುಸ್ತಕ ಬೇರೆ ಬೇರೆ, ಮಾಲೀಕ ಒಬ್ಬನೇ.

ಈ ವೈರುಧ್ಯ ಆ ಮನೆಯೊಳಗೇ ಒಮ್ಮೆ ಬಹಿರಂಗವಾಯಿತು. 1852ರ ಕೊನೆಗೆ ಎರಡನೇ ಡ್ಯೂಕ್‌ನ ಹೆಂಡತಿ ಹ್ಯಾರಿಯೆಟ್ ಸ್ಟಾಫರ್ಡ್ ಹೌಸ್‌ನಲ್ಲಿ ಹೆಂಗಸರ ಸಭೆ ಕರೆದಳು. ಅಮೆರಿಕದ ಗುಲಾಮಗಿರಿ ನಿಲ್ಲಬೇಕೆಂದು ಅಲ್ಲಿನ ಹೆಂಗಸರಿಗೆ ಬ್ರಿಟನ್ನಿನ ಹೆಂಗಸರ ಮನವಿ. ಅದಕ್ಕೆ ಐದು ಲಕ್ಷಕ್ಕೂ ಮಿಕ್ಕಿ ಸಹಿ ಬಿತ್ತು, 26 ಸಂಪುಟ ಆಯಿತು. 1853ರಲ್ಲಿ 'ಅಂಕಲ್ ಟಾಮ್ಸ್ ಕ್ಯಾಬಿನ್' ಬರೆದ ಹ್ಯಾರಿಯೆಟ್ ಬೀಚರ್ ಸ್ಟೋವ್ ಇದೇ ಮನೆಗೆ ಬಂದು ಸತ್ಕಾರ ಪಡೆದರು. ಮನವಿ ಒಳ್ಳೆಯದೇ, ಅನುಮಾನವಿಲ್ಲ. ಆದರೆ ಅದೇ ವರ್ಷ ಕಾರ್ಲ್ ಮಾರ್ಕ್ಸ್ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಸದರ್‌ಲ್ಯಾಂಡ್‌ನ ತೆರವಿನ ಕಥೆ ಬರೆದು, ಈ ಮನೆತನಕ್ಕೆ ಬೇರೆಯವರ ಗುಲಾಮಗಿರಿಯ ಬಗ್ಗೆ ಮಾತಾಡುವ ಯೋಗ್ಯತೆ ಎಲ್ಲಿದೆ ಎಂದು ತರಾಟೆಗೆ ತೆಗೆದುಕೊಂಡ. ಸ್ಟೋವ್ ಊರಿಗೆ ಹೋಗಿ 'ಸನ್ನಿ ಮೆಮೊರೀಸ್' ಎಂಬ ಪ್ರವಾಸ ಪುಸ್ತಕದಲ್ಲಿ ಸದರ್‌ಲ್ಯಾಂಡ್ ಮನೆತನದ ಪರ ವಹಿಸಿದರು. ಸ್ಟ್ರಾತ್‌ನೇವರ್‌ನಲ್ಲೇ ಹುಟ್ಟಿ, ಕಣ್ಣಾರೆ ಎಲ್ಲ ಕಂಡಿದ್ದ ಕಲ್ಲುಕೆಲಸದ ಡೊನಾಲ್ಡ್ ಮ್ಯಾಕ್ಲಿಯೋಡ್ ಇದಕ್ಕೆ ಉತ್ತರವಾಗಿ ಒಂದು ಪುಸ್ತಕ ಬರೆದ. ಅದರ ಹೆಸರು 'ಗ್ಲೂಮಿ ಮೆಮೊರೀಸ್'. ಅವರದ್ದು ಬಿಸಿಲಿನ ನೆನಪು, ಇವನದ್ದು ಕತ್ತಲ ನೆನಪು.

ಇಪ್ಪತ್ತನೇ ಶತಮಾನಕ್ಕೆ ಬರುವಾಗ ದೊಡ್ಡ ಮನೆಗಳ ದಿನ ಮುಗಿಯುತ್ತಾ ಬಂತು. ಮರಣದ ನಂತರ ಆಸ್ತಿಯ ಮೇಲೆ ತೆರಿಗೆ, ಜಮೀನಿನ ಆದಾಯದಲ್ಲಿ ಇಳಿಕೆ, ಕೆಲಸದವರ ಸಂಬಳ. ಡೆವನ್‌ಶೈರ್ ಹೌಸ್, ಡಾರ್ಚೆಸ್ಟರ್ ಹೌಸ್, ಗ್ರೋವ್‌ನರ್ ಹೌಸ್, ನಾರ್ಫೋಕ್ ಹೌಸ್ ಎಲ್ಲ 1920–30ರ ದಶಕದಲ್ಲಿ ನೆಲಸಮವಾದವು. ಎರಡರ ಜಾಗದಲ್ಲಿ ಅದೇ ಹೆಸರಿನ ಹೋಟೆಲ್ ಎದ್ದಿತು. ಸ್ಟಾಫರ್ಡ್ ಹೌಸ್ ಉಳಿದದ್ದು ಒಬ್ಬ ಸಾಬೂನು ವ್ಯಾಪಾರಿಯಿಂದ.

ವಿಲಿಯಂ ಲಿವರ್. ನಮ್ಮ ಊರಿನ ಯಾವ ದಿನಸಿ ಅಂಗಡಿಗೆ ಹೋದರೂ ಅವನ ಮಾಲು ಉಂಟು. ಸನ್‌ಲೈಟ್, ಲೈಫ್‌ಬಾಯ್ ಶುರು ಮಾಡಿದ ಲಿವರ್ ಬ್ರದರ್ಸ್‌ನವನು. ಈಗಿನ ಹಿಂದೂಸ್ತಾನ್ ಯೂನಿಲಿವರ್ ಹೆಸರಿನ 'ಲಿವರ್' ಇವನದ್ದೇ. ಲ್ಯಾಂಕಾಶೈರ್ ಕೌಂಟಿಯ ಬೋಲ್ಟನ್ ಊರಿನ ಕಿರಾಣಿ ವ್ಯಾಪಾರಿಯ ಮಗ. 1912ರಲ್ಲಿ ಇವನು ಮನೆಯ ಲೀಸ್ ಖರೀದಿಸಿ, ತನ್ನ ಜಿಲ್ಲೆಯ ನೆನಪಿಗೆ ಲ್ಯಾಂಕಾಸ್ಟರ್ ಹೌಸ್ ಅಂತ ಹೆಸರು ಬದಲಾಯಿಸಿ, ದೇಶಕ್ಕೇ ಕೊಟ್ಟುಬಿಟ್ಟ. ದಾನ ದೊಡ್ಡದು. ಆದರೆ ಸಾಬೂನಿಗೆ ಬೇಕಾದ ತಾಳೆ ಎಣ್ಣೆಗಾಗಿ ಅದೇ ಹೊತ್ತಿಗೆ, 1911ರಿಂದ, ಇವನ ಕಂಪೆನಿ ಬೆಲ್ಜಿಯಂ ಆಳ್ವಿಕೆಯ ಕಾಂಗೋದಲ್ಲಿ ದೊಡ್ಡ ಪ್ರದೇಶ ಪಡೆದುಕೊಂಡಿತ್ತು, ಅಲ್ಲಿ ಜನರಿಂದ ಒತ್ತಾಯದ ದುಡಿಮೆ ನಡೆಯಿತೆಂಬುದನ್ನೂ ಇತಿಹಾಸಕಾರರು ದಾಖಲಿಸಿದ್ದಾರೆ. ಈ ಮನೆಗೆ ಬಂದ ದುಡ್ಡು ಯಾಕೋ ಒಮ್ಮೆಯೂ ಹತ್ತಿರದ ದಾರಿಯಿಂದ ಬಂದದ್ದಿಲ್ಲ.

1914ರಿಂದ ಎರಡನೇ ಮಹಾಯುದ್ಧದ ತನಕ ಇಲ್ಲಿ ಲಂಡನ್ ಮ್ಯೂಸಿಯಂ ಇತ್ತು. ಯುದ್ಧದ ನಂತರ ಸರಕಾರದ ಅತಿಥಿ ಸತ್ಕಾರ, ಸಮ್ಮೇಳನಗಳ ಮನೆ. ನೋಡಿಕೊಳ್ಳುವುದು ವಿದೇಶಾಂಗ ಕಚೇರಿ. ಬ್ರಿಟಿಷ್ ಸಾಮ್ರಾಜ್ಯ ಒಂದೊಂದಾಗಿ ಗಂಟು ಕಟ್ಟಿದ್ದು ಇದೇ ಕೋಣೆಗಳಲ್ಲಿ. 1956ರ ಆರಂಭದಲ್ಲಿ ಟುಂಕು ಅಬ್ದುಲ್ ರಹ್ಮಾನ್ ನೇತೃತ್ವದ ನಿಯೋಗ ಮಲಯಾದ ಸ್ವಾತಂತ್ರ್ಯದ ಮಾತುಕತೆ ನಡೆಸಿದ್ದು ಇಲ್ಲಿ. ನೈಜೀರಿಯಾ, ಕೆನ್ಯಾದ ಮಾತುಕತೆಗಳೂ ಇಲ್ಲಿಯೇ. 1979ರ ಡಿಸೆಂಬರ್ 21ರಂದು ಜಿಂಬಾಬ್ವೆಯ ಒಪ್ಪಂದಕ್ಕೆ ಸಹಿ ಬಿದ್ದದ್ದೂ ಇಲ್ಲಿ. ಆ ಮಾತುಕತೆ ಮುರಿದು ಬೀಳುವ ಹಂತಕ್ಕೆ ಹೋದ ವಿಷಯಗಳಲ್ಲಿ ಮುಖ್ಯವಾದದ್ದು ಭೂಮಿ. ಬಿಳಿಯರ ಕೈಯಲ್ಲಿದ್ದ ಜಮೀನನ್ನು ಹೇಗೆ ಹಿಂದೆ ಪಡೆಯುವುದು, ಬೆಲೆ ಯಾರು ಕೊಡುವುದು ಎಂಬ ತಕರಾರು. ಒಕ್ಕಲೆಬ್ಬಿಸಿದ ಧನಿಗಳ ಮನೆಯಲ್ಲಿ ಕುಳಿತು ಮುಗಾಬೆ, ನ್ಕೋಮೊ ಭೂಮಿಯ ಬಗ್ಗೆ ವಾದಿಸುತ್ತಿದ್ದಾಗ ಗೋಡೆಯ ಮೇಲಿನ ಬಂಗಾರದ ಬಗ್ಗೆ ಯಾರೂ ಎತ್ತಿ ಹೇಳಿರಲಿಕ್ಕಿಲ್ಲ.

ಇನ್ನು ಸಿನಿಮಾ ಲೆಕ್ಕ. 2007ರ 'ನ್ಯಾಷನಲ್ ಟ್ರೆಷರ್: ಬುಕ್ ಆಫ್ ಸೀಕ್ರೆಟ್ಸ್', 2009ರ 'ದಿ ಯಂಗ್ ವಿಕ್ಟೋರಿಯಾ', 2010ರ 'ದಿ ಕಿಂಗ್ಸ್ ಸ್ಪೀಚ್', 2013ರ 'ಡೌನ್ಟನ್ ಅಬ್ಬೆ' ಕ್ರಿಸ್ಮಸ್ ಕಂತು, 2016ರಿಂದ 'ದಿ ಕ್ರೌನ್' – ಇವೆಲ್ಲದರಲ್ಲೂ ಈ ಮನೆ ಬಕಿಂಗ್‌ಹ್ಯಾಂನ ವೇಷ ಹಾಕಿದೆ. 'ದಿ ಕಿಂಗ್ಸ್ ಸ್ಪೀಚ್' ಕಾಲಕ್ಕೆ ಬಾಡಿಗೆ ದಿನಕ್ಕೆ 20,000 ಪೌಂಡ್ ಎಂದು ವರದಿಯಾಗಿತ್ತು. ಆ ಚಿತ್ರದ ಒಟ್ಟು ಬಜೆಟ್ ಸುಮಾರು 80 ಲಕ್ಷ ಪೌಂಡ್. ಅಂದರೆ ಒಂದು ದಿನದ ಬಾಡಿಗೆಯೇ ಬಜೆಟ್ಟಿನ ಕಾಲು ಶೇಕಡಾ. ಜಾಸ್ತಿ ಅನ್ನಿಸಬಹುದು. ಆದರೆ ಅದೇ ಮೆಟ್ಟಿಲು, ಅದೇ ಮಾಳಿಗೆ, ಅದೇ ಚಾವಣಿಯ ಚಿತ್ರವನ್ನು ಸ್ಟುಡಿಯೋದಲ್ಲಿ ಸೆಟ್ ಹಾಕಿ ನಂಬುವ ಹಾಗೆ ಮಾಡಲು ಬಡಗಿ, ಪೇಂಟರ್, ಪ್ಲಾಸ್ಟರ್ ಕೆಲಸದವರು ವಾರಗಟ್ಟಲೆ ಬೇಕು, ಶೂಟಿಂಗ್ ಮುಗಿದ ಮೇಲೆ ಒಡೆದು ಬಿಸಾಡಬೇಕು. ನಾಲ್ಕೈದು ದಿನದ ದೃಶ್ಯಕ್ಕಾದರೆ ಬಾಡಿಗೆಯೇ ಲಾಭ. 'ದಿ ಕ್ರೌನ್' ತರ ವರ್ಷಗಟ್ಟಲೆ ನಡೆಯುವ ಸರಣಿಯಲ್ಲಿ ಮಾತ್ರ ಲೆಕ್ಕ ಬದಲಾಗುತ್ತದೆ, ಅವರು ಸೆಟ್ಟನ್ನೂ ಹಾಕುತ್ತಾರೆ, ಬೇರೆ ಬೇರೆ ಬಂಗಲೆಗಳನ್ನೂ ಹಿಡಿಯುತ್ತಾರೆ. ಒಂದು ಬಾಗಿಲಿನಿಂದ ಒಳಗೆ ಹೋದ ರಾಣಿ ಐವತ್ತು ಮೈಲಿ ದೂರದ ಇನ್ನೊಂದು ಮನೆಯ ಕೋಣೆಗೆ ಕಾಲಿಡುವುದು ಈ ಧಂದೆಯಲ್ಲಿ ಮಾಮೂಲಿ.

ಪಕ್ಕದ ಬ್ರಿಡ್ಜ್‌ವಾಟರ್ ಹೌಸ್‌ನದ್ದು ಇದೇ ತರ. ಅದು ಮೊದಲ ಡ್ಯೂಕ್‌ನ ಕಿರಿಯ ಮಗ ಬ್ಯಾರಿಯಿಂದಲೇ ಕಟ್ಟಿಸಿದ ಮನೆ. 'ಡೌನ್ಟನ್ ಅಬ್ಬೆ'ಯ ಕುಟುಂಬದ ಲಂಡನ್ ಮನೆಯಾಗಿ ಅದರ ಹೊರಗೋಡೆ ಕಾಣುತ್ತದೆ, ಒಳಗಿನ ದೃಶ್ಯ ಮಾತ್ರ ಬರ್ಕ್‌ಶೈರ್‌ನ ಬ್ಯಾಸಿಲ್ಡನ್ ಪಾರ್ಕ್‌ನದ್ದು.

ಮಲಯಾಳಂ ಸಿನಿಮಾ ನೋಡುವ ಕಾಸರಗೋಡಿನವರಿಗೆ ಇದು ಅಪರಿಚಿತ ವ್ಯವಹಾರವೇನಲ್ಲ. ಒಟ್ಟಪ್ಪಾಲಂ ಹತ್ತಿರದ ವರಿಕ್ಕಾಶ್ಶೇರಿ ಮನ 'ದೇವಾಸುರಂ'ನಿಂದ ಹಿಡಿದು ಎಷ್ಟು ಸಿನಿಮಾಗಳ ತರವಾಡು ಆಗಿದೆ! ಬೇಕಲ ಕೋಟೆಗೆ 'ಬಾಂಬೆ' ಚಿತ್ರದ ಹಾಡಿನ ನಂತರ ಬಂದ ಜನ ಎಷ್ಟು ಎಂದು ಅಲ್ಲಿ ಸೋಡಾ, ಐಸ್‌ಕ್ರೀಂ ಮಾರುವವರನ್ನು ಕೇಳಬೇಕು.

ಹಳೆಯ ಮನೆಯನ್ನು ಶೂಟಿಂಗ್‌ಗೆ ಕೊಡುವುದೆಂದರೆ ಬೀಗದ ಕೈ ಕೊಟ್ಟು ಬರುವುದಲ್ಲ. ಮೊದಲು ಲೊಕೇಶನ್ ಮ್ಯಾನೇಜರ್ ಬಂದು ನೋಡಬೇಕು, ಎಷ್ಟು ಜನ, ಎಷ್ಟು ಲೈಟು, ಎಲ್ಲಿ ಟ್ರಾಲಿ ಎಂಬುದೆಲ್ಲ ಬರಹದಲ್ಲಿ ಬರಬೇಕು. ನೆಲಕ್ಕೆ ಹಲಗೆ, ಬಾಗಿಲ ಮೂಲೆಗಳಿಗೆ ಮೆತ್ತೆ. ಲೈಟಿನ ಸ್ಟ್ಯಾಂಡ್ ಗೋಡೆಗೆ ಒರಗಿಸುವ ಹಾಗಿಲ್ಲ, ಮೊಳೆ, ಟೇಪ್ ಮುಟ್ಟಿಸುವ ಹಾಗಿಲ್ಲ. ಬಂಗಾರದ ಲೇಪಕ್ಕೂ ಹಳೆಯ ಚಿತ್ರಕ್ಕೂ ದೊಡ್ಡ ಲೈಟಿನ ಬಿಸಿ ಆಗುವುದಿಲ್ಲ, ಹಾಗಾಗಿ ಸಾಧ್ಯವಾದಲ್ಲೆಲ್ಲ ಕಿಟಕಿಯ ಹೊರಗಿನಿಂದ ಬೆಳಕು ಬಿಡುತ್ತಾರೆ. ನಿಜವಾದ ಮೇಣದ ಬತ್ತಿ ಅಂದರೆ ಮನೆಯವರಿಗೆ ಜ್ವರ ಬರುತ್ತದೆ. ವಿಮೆ, ಠೇವಣಿ, ಹೊತ್ತು ಮೀರಿದರೆ ಹೆಚ್ಚುವರಿ ದುಡ್ಡು. ಎಲ್ಲದರ ಮೇಲೆ ಕಾವಲಿಗೆ ಮನೆಯ ಕಡೆಯ ಒಬ್ಬರು ಪೂರ್ತಿ ಹೊತ್ತು ನಿಂತಿರುತ್ತಾರೆ. ಲ್ಯಾಂಕಾಸ್ಟರ್ ಹೌಸ್‌ನಲ್ಲಿ ಇನ್ನೊಂದು ತೊಡಕು, ಇದು ಕೆಲಸ ನಿಂತ ಮನೆಯಲ್ಲ. 2017ರ ಜನವರಿಯಲ್ಲಿ ಬ್ರೆಕ್ಸಿಟ್ ಹೇಗಿರಬೇಕೆಂದು ಥೆರೇಸಾ ಮೇ ಭಾಷಣ ಮಾಡಿದ್ದು ಇಲ್ಲಿ. ಸಿನಿಮಾದವರು ಸರಕಾರದ ಕಾರ್ಯಕ್ರಮಗಳ ನಡುವೆ ಸಿಕ್ಕ ದಿನಕ್ಕೆ ಹೊಂದಿಕೊಳ್ಳಬೇಕು.

ಸರಕಾರಕ್ಕೆ ಇದರಿಂದ ಬರುವುದು ಬಾಡಿಗೆ. ಅದು ತಪ್ಪಲ್ಲ, ಇಷ್ಟು ದೊಡ್ಡ ಮನೆಯ ಮಾಡಿನ ರಿಪೇರಿಗೇ ದುಡ್ಡು ಬೇಕು. ತಕರಾರು ಇರುವುದು ಬೇರೆ ಕಡೆ. ಪರದೆಯ ಮೇಲೆ ಈ ಮನೆ ಯಾವಾಗ ಬಂದರೂ ಬೇರೆಯವರ ಹೆಸರಿನಲ್ಲಿ ಬರುತ್ತದೆ, ರಾಜಮನೆತನದ ಸುಖದುಃಖಕ್ಕೆ ಹಿನ್ನೆಲೆಯಾಗಿ. ಸದರ್‌ಲ್ಯಾಂಡ್ ಎಂಬ ಹೆಸರು ಎಲ್ಲೂ ಇಲ್ಲ. ತನ್ನದೇ ಕಥೆಯಲ್ಲಿ ನಟಿಸಲು ಈ ಮನೆಗೆ ಅವಕಾಶ ಸಿಕ್ಕಿಲ್ಲ, ಆ ಕಥೆಯೇನೂ ಸಪ್ಪೆಯದಲ್ಲ.

ಸ್ಕಾಟ್ಲೆಂಡಿನಲ್ಲಿ ಹಾಗಲ್ಲ. ಗೋಲ್‌ಸ್ಪಿ ಊರಿನ ಮೇಲಿನ ಬೆನ್ ಬ್ರಾಗೀ ಗುಡ್ಡದಲ್ಲಿ ಮೊದಲ ಡ್ಯೂಕ್‌ನ ಪ್ರತಿಮೆ ಪೀಠ ಸೇರಿ ನೂರು ಅಡಿ ಎತ್ತರಕ್ಕೆ ನಿಂತಿದೆ. ಕೆಡವಬೇಕು ಎನ್ನುವವರೂ ಇದ್ದಾರೆ, ನೆನಪಿಗೆ ಇರಲಿ ಎನ್ನುವವರೂ ಇದ್ದಾರೆ. ಸ್ಟ್ರಾತ್‌ನೇವರ್ ಕಣಿವೆಯ ರೋಸಲ್ ಎಂಬಲ್ಲಿ ತೆರವಾದ ಒಂದು ಹಳ್ಳಿಯ ಅಡಿಪಾಯದ ಕಲ್ಲುಗಳು ಹುಲ್ಲಿನ ನಡುವೆ ಈಗಲೂ ಕಾಣುತ್ತವೆ. ನಡೆದು ನೋಡಲು ಕಾಲುದಾರಿ ಮಾಡಿಟ್ಟಿದ್ದಾರೆ. ಉತ್ತರಕ್ಕೆ ಬೆಟ್ಟಿಹಿಲ್‌ನಲ್ಲಿ ಹಳೆಯ ಚರ್ಚೊಂದರೊಳಗೆ ಸ್ಟ್ರಾತ್‌ನೇವರ್ ಮ್ಯೂಸಿಯಂ ಉಂಟು, ಜನರನ್ನು ಎಬ್ಬಿಸಿದ ಕಥೆಯನ್ನು ಅಲ್ಲಿ ಹೇಳುತ್ತಾರೆ.